ಬಾಯಿ ಬಿಡದ ತರಗತಿ

ಸೆಪ್ಟೆಂಬರ್ ತಿಂಗಳ ಮೊದಲ ವಾರ. ಜಪಾನಿನಲ್ಲಿ ಬೇಸಗೆಯ ರಜೆ ಮುಗಿದು ಶಾಲೆಗಳು ಮತ್ತೆ ತೆರೆದಿವೆ. ಆ ದೇಶದ ಯಾವುದಾದರೊಂದು ಸಾಧಾರಣ ಊರಿನ ಮಾಧ್ಯಮಿಕ ಶಾಲೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಹೊರಗೆ ಮರಗಳಲ್ಲಿ ಜೀರುಂಡೆಗಳ ಎಡೆಬಿಡದ ದನಿ. ಒಳಗೆ ಎರಡನೆಯ ವರ್ಷದ ತರಗತಿಯಲ್ಲಿ 35 ಮಂದಿ ಮಕ್ಕಳು, ಹದಿಮೂರು ಹದಿನಾಲ್ಕರ ಪ್ರಾಯದವರು. ಗಂಟೆ ಬಾರಿಸುತ್ತದೆ. ಅಂದಿನ ಸರದಿಯ ವಿದ್ಯಾರ್ಥಿ ಆಜ್ಞೆ ಕೊಟ್ಟೊಡನೆ ಎಲ್ಲರೂ ಒಮ್ಮೆಗೇ ಎದ್ದು ನಿಂತು, ಒಮ್ಮೆಗೇ ತಲೆಬಾಗಿ, ಒಮ್ಮೆಗೇ ಕುಳಿತುಕೊಳ್ಳುತ್ತಾರೆ. ಕರಿಹಲಗೆಯ ಮುಂದೆ ಇಂಗ್ಲಿಷ್ ಉಪಾಧ್ಯಾಯಿನಿ; ಆಕೆಯ ಪಕ್ಕದಲ್ಲಿ, ಸಮುದ್ರದಾಚೆಯ ದೇಶದಿಂದ ಬಂದು ಇನ್ನೂ ಎರಡು ತಿಂಗಳು ತುಂಬದ ಒಬ್ಬ ತರುಣ ಸಹಾಯಕ.

“ಹೌ ಆರ್ ಯು?” ಎಂದು ಆತ ನಗುಮುಖದಿಂದ ಕೇಳುತ್ತಾನೆ.

“ಐ ಆಮ್ ಫೈನ್, ಥ್ಯಾಂಕ್ ಯು. ಆಂಡ್ ಯು?” ಒಂದೇ ಕೊರಳಿನಿಂದ ಹೊರಟಂತೆ ಮೂವತ್ತೈದು ಮಂದಿಯ ಉತ್ತರ.

ತರುಣನಿಗೆ ಹಿಗ್ಗು. ಇನ್ನೊಂದು ಹೆಜ್ಜೆ ಮುಂದಿಡುತ್ತಾನೆ. ಮುಂದಿನ ಸಾಲಿನ ಬಾಲಕಿಯೊಬ್ಬಳ ಕಡೆ ತಿರುಗಿ, ರಜೆಯಲ್ಲಿ ಏನು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾನೆ. ಬಾಲಕಿ ತಲೆ ತಗ್ಗಿಸುತ್ತಾಳೆ. ಪಕ್ಕದವಳ ಕಡೆ ಓರೆನೋಟ ಬೀರುತ್ತಾಳೆ. ಪಕ್ಕದವಳು ಪುಸ್ತಕದಲ್ಲಿ ಮುಖ ಹುದುಗಿಸುತ್ತಾಳೆ. ಪ್ರಶ್ನೆ ಹಿಂದಿನ ಸಾಲಿಗೆ ಸಾಗುತ್ತದೆ. ಅಲ್ಲಿಯೂ ಅದೇ ಮೌನ. ಕಿಟಕಿಯ ಬಳಿ ಕುಳಿತ ಹುಡುಗನೊಬ್ಬ ಬೆರಳ ಸಂದಿಯಲ್ಲಿ ಪೆನ್ಸಿಲನ್ನು ಗಿರಗಿರನೆ ತಿರುಗಿಸುತ್ತಿದ್ದಾನೆ. ಅವನನ್ನು ಕೇಳಿದರೆ, ತನ್ನ ಭಾಷೆಯಲ್ಲಿಯೇ “ಗೊತ್ತಿಲ್ಲ” ಎಂದು ಹೇಳಿ ಮತ್ತೆ ಕಿಟಕಿಯ ಹೊರಗೆ ನೋಡುತ್ತಾನೆ. ಅಂದಿನ 50 ನಿಮಿಷಗಳ ಪಾಠದಲ್ಲಿ ಮಿಕ್ಕ ಕಾಲವೆಲ್ಲ, ಸಹಾಯಕನು ಪಾಠದ ವಾಕ್ಯಗಳನ್ನು ಓದುವುದು, ಮಕ್ಕಳು ಅದನ್ನು ಪುನರುಚ್ಚರಿಸುವುದು, ಇಷ್ಟರಲ್ಲಿಯೇ ಕಳೆಯುತ್ತದೆ.

ಸಂಜೆ ಶಾಲೆಯಿಂದ ಹೊರಟ ತರುಣನ ಮನಸ್ಸಿನಲ್ಲಿ ಒಂದೇ ತೀರ್ಮಾನ: ಈ ಮಕ್ಕಳಿಗೆ ಯಾವುದರಲ್ಲಿಯೂ ಆಸಕ್ತಿಯಿಲ್ಲ; ಇವರಿಗೆ ಪಾಠ ಹೇಳುವುದು ಬೋರ್ಗಲ್ಲ ಮೇಲೆ ಮಳೆ ಸುರಿದಂತೆ. ಆದರೆ ಆಟದ ಬಯಲನ್ನು ದಾಟುವಾಗ ಯಾರದೋ ಕಂಚಿನ ಕಂಠ ಅವನನ್ನು ತಡೆದು ನಿಲ್ಲಿಸುತ್ತದೆ. ಬೇಸ್‌ಬಾಲ್ ಆಡುತ್ತಿರುವ ಹುಡುಗರ ನಡುವೆ ನಿಂತು, ಕೂಗಿ, ಕೈಬೀಸಿ, ಇಡೀ ತಂಡವನ್ನು ಎಚ್ಚರದಲ್ಲಿ ಇರಿಸುತ್ತಿರುವವನು ಬೇರೆ ಯಾರೂ ಅಲ್ಲ: ಬೆಳಗ್ಗೆ ಪೆನ್ಸಿಲ್ ತಿರುಗಿಸುತ್ತಿದ್ದ ಅದೇ ಹುಡುಗ!

ಈ ತರುಣ ಕಲ್ಪನೆಯ ವ್ಯಕ್ತಿ. ಆದರೆ ಅವನ ಅನುಭವ ಕಲ್ಪನೆಯದಲ್ಲ. 1987ರಲ್ಲಿ ಜಪಾನ್ ಸರ್ಕಾರ ಪರದೇಶಗಳ ಪದವೀಧರರನ್ನು ಶಾಲೆಗಳಿಗೆ ಸಹಾಯಕರನ್ನಾಗಿ ಬರಮಾಡಿಕೊಳ್ಳುವ ‘ಜೆಟ್’ ಯೋಜನೆಯನ್ನು ಆರಂಭಿಸಿತು. ಮೊದಲ ವರ್ಷ ನಾಲ್ಕು ದೇಶಗಳಿಂದ 848 ಮಂದಿ ಬಂದರು. ಅಂದಿನಿಂದ ಇಂದಿನವರೆಗೆ ಹಾಗೆ ಬಂದ ಸಾವಿರಾರು ತರುಣ ತರುಣಿಯರಲ್ಲಿ ಬಹುಮಂದಿ ಈ ಮೌನದ ಗೋಡೆಗೆ ಹಣೆ ತಾಗಿಸಿಕೊಂಡವರೇ. ತಮ್ಮನ್ನು ‘ಉಸಿರಾಡುವ ಧ್ವನಿಮುದ್ರಣ ಯಂತ್ರ’ವೆಂದು ತಾವೇ ಹಾಸ್ಯ ಮಾಡಿಕೊಂಡವರೂ ಅವರಲ್ಲಿ ಉಂಟು.

ಹಾಗಾದರೆ ಬಯಲಿನಲ್ಲಿ ಗುಡುಗುವ ಹುಡುಗ ತರಗತಿಯಲ್ಲಿ ಏಕೆ ಕಲ್ಲಾಗುತ್ತಾನೆ? ಹುಡುಗ ಒಬ್ಬನೇ, ಬದಲಾಗಿರುವುದು ಎಡೆ ಮಾತ್ರ. ಆದ್ದರಿಂದ ರೋಗದ ಮೂಲವನ್ನು ಹುಡುಗನಲ್ಲಿ ಹುಡುಕುವುದಕ್ಕಿಂತ ಆ ಎಡೆಯಲ್ಲಿ ಹುಡುಕುವುದು ಮೇಲು.

ಮೊದಲನೆಯ ಕಾರಣ ಕೇಳಿದರೆ ಕನ್ನಡದ ವಾಚಕರಿಗೆ ಆಶ್ಚರ್ಯವೂ, ಒಂದಿಷ್ಟು ಅಸೂಯೆಯೂ ಆದೀತು. ಆ ಹುಡುಗನಿಗೆ ಇಂಗ್ಲಿಷ್ ಬೇಕಾಗಿಯೇ ಇಲ್ಲ. ಅವನು ಓದುವ ಕಥೆ, ನೋಡುವ ಚಿತ್ರ, ಆಡುವ ಆಟ, ಕೈಯಲ್ಲಿರುವ ದೂರವಾಣಿ ಎಲ್ಲವೂ ಜಪಾನಿ ಭಾಷೆಯಲ್ಲಿಯೇ ಮಾತನಾಡುತ್ತವೆ. ಮುಂದೆ ಅವನು ವೈದ್ಯನಾಗಲಿ, ಯಂತ್ರಶಿಲ್ಪಿಯಾಗಲಿ, ತಾಯ್ನುಡಿಯಲ್ಲಿಯೇ ಓದಿ ಆಗಬಲ್ಲ. ಹಿಂದೆ ಹೀಗಿರಲಿಲ್ಲ. 1890ರಲ್ಲಿ ಲಾಫ್ಕಾಡಿಯೋ ಹರ್ನ್ ಎಂಬ ಬರಹಗಾರ ಮಾತ್ಸುಯೆ ಎಂಬ ಊರಿನ ಮಾಧ್ಯಮಿಕ ಶಾಲೆಗೆ ಇಂಗ್ಲಿಷ್ ಉಪಾಧ್ಯಾಯನಾಗಿ ಬಂದಾಗ, ಪಶ್ಚಿಮದ ವಿದ್ಯೆಯ ಹೆಬ್ಬಾಗಿಲು ತೆರೆಯುತ್ತಿದ್ದುದು ಪರಭಾಷೆಯ ಬೀಗದ ಕೈಯಿಂದ. ಆಗ ಮಾಧ್ಯಮಿಕ ಶಾಲೆಗೆ ಹೋಗುತ್ತಿದ್ದವರೂ ಕೆಲವರೇ. ಹರ್ನನು ಚಂದ್ರನನ್ನು ಕುರಿತು ಬರೆಯಿರೆಂದರೆ ಹುಡುಗರು ಬರೆದರು. ಅವರು ಬರೆದ ಕೆಲವು ಪ್ರಬಂಧಗಳನ್ನು ಅವನು 1894ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಸೇರಿಸಿಕೊಂಡ. ಇಂದಿನ ಸ್ಥಿತಿ ಬೇರೆ. 1947ರಿಂದ ಒಂಬತ್ತು ವರ್ಷಗಳ ಶಿಕ್ಷಣ ಎಲ್ಲ ಮಕ್ಕಳಿಗೂ ಕಡ್ಡಾಯ. ಬೇಕೆಂದು ಬಂದವನೂ ಬೇಡವೆಂದು ಬಂದವನೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಕಿಟಕಿಯ ಬಳಿಯ ಆ ಹುಡುಗನ ಔದಾಸೀನ್ಯದಲ್ಲಿ ಒಂದು ನಾಡನುಡಿಯ ಆರೋಗ್ಯವೂ ಅಡಗಿದೆ ಎಂಬುದನ್ನು ಮರೆಯಲಾಗದು.

ಎರಡನೆಯ ಕಾರಣ ಪರೀಕ್ಷೆ. ಬೇಕಿಲ್ಲದ ಈ ಭಾಷೆ ಹದಿನೈದನೆಯ ವಯಸ್ಸಿನಲ್ಲಿ ಒಮ್ಮೆಗೇ ಬೇಕಾಗುತ್ತದೆ. ಪ್ರೌಢಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಜಪಾನಿ, ಗಣಿತ, ವಿಜ್ಞಾನ, ಸಮಾಜವಿಷಯಗಳ ಜೊತೆಗೆ ಇಂಗ್ಲಿಷೂ ಕುಳಿತಿದೆ. ವಾಕ್ಯವನ್ನು ಬಿಡಿಸಿ, ಪದಕ್ಕೆ ಪದವಿಟ್ಟು, ಹಿಂದುಮುಂದು ಮಾಡಿ ಜಪಾನಿಗೆ ತಿರುಗಿಸುವ ಹಳೆಯ ಪದ್ಧತಿ ಇಂದಿಗೂ ಪೂರ್ತಿ ಹೋಗಿಲ್ಲ. ಹೀಗೆ ಕಲಿತವನಿಗೆ ಇಂಗ್ಲಿಷ್ ಎಂಬುದು ಮಾತಲ್ಲ, ಲೆಕ್ಕ. ಲೆಕ್ಕಕ್ಕೆ ಉತ್ತರ ಒಂದೇ. ಅದು ಸರಿ ಅಥವಾ ತಪ್ಪು. ರಜೆಯಲ್ಲಿ ಏನು ಮಾಡಿದೆ ಎಂದು ಪರದೇಶದವನೊಬ್ಬ ಸ್ನೇಹದಿಂದ ಕೇಳಿದರೂ, ಆ ಬಾಲಕಿಯ ಕಿವಿಗೆ ಅದು ಪರೀಕ್ಷೆಯ ಪ್ರಶ್ನೆಯಾಗಿಯೇ ಕೇಳಿಸುತ್ತದೆ.

ಮೂರನೆಯದು ಎಲ್ಲಕ್ಕಿಂತ ಆಳವಾದದ್ದು: ನಾಚಿಕೆ. ಹದಿಮೂರು ಹದಿನಾಲ್ಕರ ವಯಸ್ಸು ಎಲ್ಲ ದೇಶಗಳಲ್ಲಿಯೂ ಒಂದೇ. ಆ ವಯಸ್ಸಿನಲ್ಲಿ ಉಪಾಧ್ಯಾಯರ ಮೆಚ್ಚುಗೆಗಿಂತ ಪಕ್ಕದವನ ನಗೆ ದೊಡ್ಡದು. ಹೊರಚಾಚಿದ ಗೂಟಕ್ಕೆ ಪೆಟ್ಟು ಬೀಳುತ್ತದೆ ಎಂಬ ಗಾದೆ ಜಪಾನಿನಲ್ಲಿದೆ. ತಪ್ಪು ಹೇಳಿದರೆ ಅವಮಾನ. ಸರಿ ಹೇಳಿದರೂ, ಅದರಲ್ಲಿಯೂ ನಾಲಗೆ ಹೊರಳಿಸಿ ಇಂಗ್ಲಿಷರಂತೆ ಹೇಳಿದರೆ, ‘ಇವನು ಮೆರೆಯುತ್ತಾನೆ’ ಎಂಬ ಪಿಸುಮಾತು. ಎರಡೂ ಕಡೆ ಪೆಟ್ಟು ಬೀಳುವಲ್ಲಿ ಸುಮ್ಮನಿರುವುದೇ ಜಾಣತನ. ಆಸಕ್ತಿಯಿಲ್ಲ ಎಂಬ ಮುಖವಾಡ ಹುಡುಗನಿಗೆ ಒಳ್ಳೆಯ ಗುರಾಣಿ. ‘ನನಗೆ ಬಾರದು’ ಎಂದು ಒಪ್ಪಿಕೊಳ್ಳುವುದಕ್ಕಿಂತ ‘ನನಗೆ ಬೇಡ’ ಎಂದು ತೋರಿಸಿಕೊಳ್ಳುವುದು ಸುಲಭ.

ಈ ಮುಖವಾಡವನ್ನು ಬಹುಕಾಲ ತೊಟ್ಟರೆ ಅದೇ ಮುಖವಾಗುತ್ತದೆ. ಜಿಮ್ ಕಿಂಗ್ ಎಂಬ ವಿದ್ವಾಂಸ ಜಪಾನಿನ ಒಂಬತ್ತು ವಿಶ್ವವಿದ್ಯಾಲಯಗಳ ಇಂಗ್ಲಿಷ್ ತರಗತಿಗಳಲ್ಲಿ ಕುಳಿತು, ಯಾರು ಎಷ್ಟು ಹೊತ್ತು ಮಾತನಾಡುತ್ತಾರೆಂದು ನಿಮಿಷ ನಿಮಿಷಕ್ಕೂ ಗುರುತಿಸಿ 2013ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ವಿದ್ಯಾರ್ಥಿ ತಾನಾಗಿ ಎಲ್ಲರ ಮುಂದೆ ಆಡಿದ ಮಾತು ಪಾಠದ ಕಾಲದಲ್ಲಿ ನೂರಕ್ಕೆ ಒಂದಂಶಕ್ಕಿಂತಲೂ ಕಡಿಮೆ ಇತ್ತು. ಅವರು ಪ್ರಾಯಕ್ಕೆ ಬಂದ ವಿದ್ಯಾರ್ಥಿಗಳು! ಹದಿಮೂರರಲ್ಲಿ ಮುಚ್ಚಿಕೊಂಡ ಬಾಯಿ ಇಪ್ಪತ್ತರಲ್ಲಿಯೂ ತೆರೆದಿರಲಿಲ್ಲವೆಂದಾಯಿತು. ಸರ್ಕಾರ ಕೈಕಟ್ಟಿ ಕುಳಿತಿಲ್ಲ: 2012ರಿಂದ ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷಿಗೆ ವಾರಕ್ಕೆ ನಾಲ್ಕು ಪಾಠಗಳು, 2020ರಿಂದ ಪ್ರಾಥಮಿಕ ಶಾಲೆಯ ಐದು ಮತ್ತು ಆರನೆಯ ತರಗತಿಗಳಲ್ಲಿಯೂ ಅದು ಪಾಠವಿಷಯ. ಆದರೆ ಪಾಠಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಮಾತು ಹುಟ್ಟುವುದಿಲ್ಲ.

ಈ ಮೌನದ ಮುಂದೆ ಹೊಸ ಉಪಾಧ್ಯಾಯರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ಗದರಿಸುವುದು. ಗದರಿಕೆಗೆ ಮೌನ ಇನ್ನಷ್ಟು ಗಟ್ಟಿಯಾಗುತ್ತದೆ. ನಾತ್ಸುಮೆ ಸೊಸೆಕಿ ಎಂಬ ಮಹಾ ಕಾದಂಬರಿಕಾರ 1895ರಲ್ಲಿ ಮಾತ್ಸುಯಾಮದ ಮಾಧ್ಯಮಿಕ ಶಾಲೆಯೊಂದರಲ್ಲಿ ಇಂಗ್ಲಿಷ್ ಉಪಾಧ್ಯಾಯನಾಗಿದ್ದ. ಮುಂದೆ 1906ರಲ್ಲಿ ಅವನು ಬರೆದ ‘ಬೋಚ್ಚನ್’ ಎಂಬ ಕಾದಂಬರಿಯಲ್ಲಿ ರಾಜಧಾನಿಯಿಂದ ಬಂದ ಮುಂಗೋಪಿ ತರುಣ ಉಪಾಧ್ಯಾಯನನ್ನು ಹಳ್ಳಿಗಾಡಿನ ಹುಡುಗರು ಗೋಳುಹೊಯ್ದುಕೊಳ್ಳುತ್ತಾರೆ. ಅವನು ಅಂಗಡಿಯಲ್ಲಿ ತಿಂದ ತಿಂಡಿಯ ಹೆಸರನ್ನು ಕರಿಹಲಗೆಯ ಮೇಲೆ ಬರೆದಿಡುತ್ತಾರೆ, ಹಾಸಿಗೆಯಲ್ಲಿ ಮಿಡತೆಗಳನ್ನು ಬಿಡುತ್ತಾರೆ. ಅವನು ಸಿಡುಕಿದಷ್ಟೂ ಅವರಿಗೆ ಹಬ್ಬ. ಆ ಕಾದಂಬರಿ ಇಂದಿಗೂ ಜಪಾನಿನ ಮನೆಮನೆಯ ಮಾತು; ಕೋಪದಿಂದ ತರಗತಿ ಗೆದ್ದವರಿಲ್ಲ ಎಂಬುದಕ್ಕೆ ಅದು ನಗೆಯ ಸಾಕ್ಷಿ.

ಎರಡನೆಯ ದಾರಿ ಆಟ. ಚೀಟಿ ಎಳೆಯುವುದು, ಗುಣಗಳನ್ನು ಎಣಿಸುವುದು, ಗೆದ್ದವರಿಗೆ ಸಣ್ಣ ಬಹುಮಾನ ಕೊಡುವುದು. ಮಕ್ಕಳು ನಗುತ್ತಾರೆ, ಉಪಾಧ್ಯಾಯನಿಗೆ ಸಮಾಧಾನವಾಗುತ್ತದೆ. ಆದರೆ ಮೂರನೆಯ ವಾರಕ್ಕೆ ಆಟ ಹಳಸುತ್ತದೆ. ಹದಿಮೂರರ ಹುಡುಗ ತನ್ನನ್ನು ಮಗುವೆಂದು ಎಣಿಸಿದವರನ್ನು ಬೇಗ ಕ್ಷಮಿಸುವುದಿಲ್ಲ. ನಗಿಸಿದ ಮಾತ್ರಕ್ಕೆ ಮನಸ್ಸು ತೊಡಗಿತೆಂದು ಭಾವಿಸಲಾಗದು.

ಹಾಗಾದರೆ ಮೂರನೆಯ ದಾರಿ ಯಾವುದು? ಅದನ್ನು ಕಾಣಬೇಕಾದರೆ ತರಗತಿಯ ಪ್ರಶ್ನೆಗಳನ್ನೇ ಒಮ್ಮೆ ಪರೀಕ್ಷಿಸಬೇಕು. “ದಿಸ್ ಈಸ್ ಎ ಪೆನ್” ಎಂಬುದು ಒಂದು ಕಾಲದ ಪಠ್ಯಪುಸ್ತಕಗಳಿಂದ ಜಪಾನೀಯರ ನೆನಪಿನಲ್ಲಿ ಉಳಿದುಹೋದ ವಾಕ್ಯ. ಈಗ ಅದೊಂದು ಹಾಸ್ಯವೇ ಆಗಿದೆ. ಕೈಯಲ್ಲಿರುವ ಲೇಖನಿಯನ್ನು ಎತ್ತಿ ತೋರಿಸುತ್ತ ‘ಇದು ಲೇಖನಿಯೆ?’ ಎಂದು ಕೇಳುವವನಿಗೆ ಉತ್ತರ ಗೊತ್ತು. ಉತ್ತರ ಕೊಡಬೇಕಾದವನಿಗೂ ಗೊತ್ತು. ಗೊತ್ತಿದ್ದವನು ಗೊತ್ತಿದ್ದವನನ್ನು ಕೇಳುವುದು ಪ್ರಶ್ನೆಯೇ ಅಲ್ಲ; ಅದು ಪರೀಕ್ಷೆಯ ಇನ್ನೊಂದು ವೇಷ. ಬಯಲಿನಲ್ಲಿ ಆ ಹುಡುಗನ ಕೂಗಿಗೆ ಕಾರಣವಿತ್ತು: ಚೆಂಡು ಎತ್ತ ಬರುತ್ತದೆಂದು ಅವನು ಹೇಳದಿದ್ದರೆ ಗೆಳೆಯನಿಗೆ ತಿಳಿಯದು. ತರಗತಿಯಲ್ಲಿ ಅವನು ಹೇಳದಿದ್ದರೆ ಯಾರಿಗೂ ಯಾವ ನಷ್ಟವೂ ಇಲ್ಲ. ಅವನ ಮಾತು ಯಾರಿಗಾದರೂ ನಿಜವಾಗಿ ಬೇಕಾಗಿದ್ದರಲ್ಲವೆ ಅವನು ಬಾಯಿ ಬಿಡುವುದು?

ಈ ಸರಳ ಸತ್ಯವನ್ನು ಶಾಸ್ತ್ರವನ್ನಾಗಿ ಬೆಳೆಸಿದ ಪ್ರಯೋಗ ನಡೆದದ್ದು ಜಪಾನಿನಲ್ಲಿ ಅಲ್ಲ, ಇಂಗ್ಲೆಂಡಿನಲ್ಲಿಯೂ ಅಲ್ಲ, ಕನ್ನಡಿಗರ ಹಿತ್ತಿಲಿನಲ್ಲಿ. ಭಾಷಾಬೋಧನೆಯ ಗ್ರಂಥಗಳಲ್ಲಿ ಅದಕ್ಕೆ ‘ಬೆಂಗಳೂರು ಯೋಜನೆ’ ಎಂದೇ ಹೆಸರು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಮತ್ತು ಬ್ರಿಟಿಷ್ ಕೌನ್ಸಿಲಿನ ಆಶ್ರಯದಲ್ಲಿ, ಬೆಂಗಳೂರು, ಮದ್ರಾಸು ಮೊದಲಾದ ದಕ್ಷಿಣ ಭಾರತದ ಊರುಗಳ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅದನ್ನು ನಡೆಸಿದರು. ಅವರ ಪಾಠದಲ್ಲಿ ಇಂದು ಭೂತಕಾಲ, ನಾಳೆ ಭವಿಷ್ಯತ್ಕಾಲ ಎಂಬ ವ್ಯಾಕರಣದ ಸೋಪಾನ ಇರಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಪಂಚಾಂಗದಂಥ ದಿನಸೂಚಿ, ಶಾಲೆಯ ವೇಳಾಪತ್ರಿಕೆ ಇಂಥವೇ ಪಾಠ. ಮಕ್ಕಳ ಮುಂದೆ ಒಂದು ಸಮಸ್ಯೆಯನ್ನಿಡುವುದು; ಮೊದಲು ಉಪಾಧ್ಯಾಯರು ಎಲ್ಲರೊಡನೆ ಸೇರಿ ಅಂಥದೊಂದನ್ನು ಬಿಡಿಸಿ ತೋರಿಸುವುದು; ಅನಂತರ ಮಕ್ಕಳು ತಾವಾಗಿ ಇನ್ನೊಂದನ್ನು ಬಿಡಿಸುವುದು. ಮನಸ್ಸು ಸಮಸ್ಯೆಯಲ್ಲಿ ಮುಳುಗಿರುವಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಅವರು ಬರೆದ ಗ್ರಂಥ ಇಂದಿಗೂ ವಿದ್ವಾಂಸರ ಕೈಬಿಟ್ಟಿಲ್ಲ.

ಪ್ರಭು ಅವರು ಚಟುವಟಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿಯದಿರುವುದು ಒಂದು. ತಿಳಿದ ಸಂಗತಿಗಳಿಂದ ತಿಳಿಯದ್ದನ್ನು ತರ್ಕಿಸಿ ಕಂಡುಕೊಳ್ಳುವುದು ಇನ್ನೊಂದು. ತನ್ನ ಇಷ್ಟಾನಿಷ್ಟವನ್ನು, ಅಭಿಪ್ರಾಯವನ್ನು ಹೇಳುವುದು ಮೂರನೆಯದು. ಇವುಗಳಲ್ಲಿ ಎರಡನೆಯದೇ ಎಳೆಯ ಕಲಿಕೆಗಾರನಿಗೆ ಹೆಚ್ಚು ಒಗ್ಗುವುದೆಂದು ಅವರು ಕಂಡುಕೊಂಡರು. ಹೊಸ ಉಪಾಧ್ಯಾಯರ ಎಣಿಕೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ‘ನಿನ್ನ ಅಭಿಪ್ರಾಯವೇನು? ಮನಸ್ಸಿಗೆ ಬಂದದ್ದನ್ನು ಹೇಳು’ ಎಂದರೆ ಹುಡುಗ ಅರಳುವನೆಂದು ಅವರು ಭಾವಿಸುತ್ತಾರೆ. ಆದರೆ ನಾಚುವವನಿಗೆ ಅದಕ್ಕಿಂತ ಭಯಂಕರವಾದ ಪ್ರಶ್ನೆ ಬೇರೊಂದಿಲ್ಲ. ಭಾಷೆಯ ಭಯದ ಮೇಲೆ ಮನಸ್ಸನ್ನು ಬಿಚ್ಚಿಡುವ ಭಯ! ‘ಶನಿವಾರ ಒಂಬತ್ತು ಗಂಟೆಗೆ ಪಂದ್ಯವಿದ್ದರೆ ಯಾವ ರೈಲು ಹತ್ತಬೇಕು?’ ಎಂಬುದಕ್ಕಾದರೋ ನೆಲೆಯಿದೆ. ಯೋಚಿಸಿದರೆ ಉತ್ತರ ಸಿಕ್ಕುತ್ತದೆ. ಸಿಕ್ಕಿದ್ದು ಸರಿಯೆಂದು ತಾನೇ ತಿಳಿದುಕೊಳ್ಳಬಹುದು. ಧೈರ್ಯ ಹುಟ್ಟುವುದು ಅಲ್ಲಿಂದ.

ಮಿಕ್ಕ ಉಪಾಯಗಳೂ ಈ ಒಂದೇ ಬೇರಿನ ಕೊಂಬೆಗಳು. ಮೊದಲನೆಯದು ಕಾಯುವುದು. ಅಮೆರಿಕದ ಮೇರಿ ಬಡ್ ರೋ ಎಂಬಾಕೆ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಪರಿಶೀಲಿಸಿ ಒಂದು ಸಣ್ಣ ಸಂಗತಿಯನ್ನು ಬೆಳಕಿಗೆ ತಂದಳು. ಪ್ರಶ್ನೆ ಕೇಳಿದ ಉಪಾಧ್ಯಾಯರು ಉತ್ತರಕ್ಕಾಗಿ ಕಾಯುವುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ. ಎಂದೂ ಬಾಯಿ ಬಿಡದವರೂ ಬಾಯಿ ಬಿಡುತ್ತಾರೆ. ತಾಯ್ನುಡಿಯಲ್ಲಿಯೇ ಇಷ್ಟು ಹೊತ್ತು ಬೇಕಾದರೆ ಪರಭಾಷೆಯಲ್ಲಿ ಎಷ್ಟು ಬೇಡ! ತರುಣ ಸಹಾಯಕನು ಔದಾಸೀನ್ಯವೆಂದು ತಿಳಿದದ್ದರಲ್ಲಿ ಒಂದು ಪಾಲು, ಮಕ್ಕಳು ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದ ಹೊತ್ತು. ಕಟ್ಟಿ ಮುಗಿಯುವ ಮೊದಲೇ ಅವನ ಪ್ರಶ್ನೆ ಮುಂದಿನವರಿಗೆ ಹಾರಿತ್ತು.

ಎರಡನೆಯದು, ಎಲ್ಲರ ಮುಂದೆ ಹೇಳುವ ಮೊದಲು ಪಕ್ಕದವನಿಗೆ ಹೇಳಲು ಬಿಡುವುದು. ಮೊದಲು ಒಂದು ನಿಮಿಷ ಕಾಗದದ ಮೇಲೆ ಬರೆದುಕೊಳ್ಳಲಿ. ಆಮೇಲೆ ಜೊತೆಯವನಿಗೆ ತೋರಿಸಲಿ. ಕೊನೆಗೆ ಇಬ್ಬರ ಮಾತಾಗಿ ಅದು ತರಗತಿಯ ಮುಂದೆ ಬರಲಿ. ತಪ್ಪಾದರೆ ತಪ್ಪು ಇಬ್ಬರದು. ಒಂಟಿ ಗೂಟಕ್ಕೆ ಬೀಳುವ ಪೆಟ್ಟು ಬೇಲಿಗೆ ಬೀಳುವುದಿಲ್ಲ.

ಮೂರನೆಯದು, ಬಾಯಿಗಿಂತ ಮೊದಲು ಕೈಗೆ ಕೆಲಸ ಕೊಡುವುದು. ಇದೂ ಜಪಾನಿಗೆ ಹೊಸದಲ್ಲ. 1922ರಲ್ಲಿ ಅಲ್ಲಿಗೆ ಬಂದು, ಮರುವರ್ಷ ಇಂಗ್ಲಿಷ್ ಬೋಧನೆಯ ಸಂಶೋಧನ ಸಂಸ್ಥೆಯೊಂದನ್ನು ಕಟ್ಟಿದ ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷ್ ಪಂಡಿತ, ಆಜ್ಞೆ ಕೇಳಿ ಅದರಂತೆ ಮಾಡುತ್ತ ಭಾಷೆ ಕಲಿಯುವ ಕ್ರಮವನ್ನು ಕುರಿತು 1925ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ್ದ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಅದೇ ತತ್ತ್ವವನ್ನು ಪ್ರಯೋಗಗಳಿಂದ ಪರೀಕ್ಷಿಸಿದ. ಅವನು ಆ ಪ್ರಯೋಗಗಳಿಗೆ ಬಳಸಿದ ಭಾಷೆಗಳಲ್ಲಿ ಜಪಾನಿಯೂ ಒಂದು. ಏಳು, ನಡೆ, ಬಾಗಿಲು ತೆರೆ ಎಂಬ ಮಾತುಗಳನ್ನು ಕೇಳಿ, ಮಾಡಿ, ಅರ್ಥಮಾಡಿಕೊಂಡವನಿಗೆ ಮಾತನಾಡುವ ಅವಸರವಿಲ್ಲ. ಮೌನವಾಗಿದ್ದೂ ಅವನು ಕಲಿಯುತ್ತಿರುತ್ತಾನೆ. ಆದರೆ ಹದಿಹರೆಯದವರನ್ನು ಕುಪ್ಪಳಿಸಲು ಹೇಳಿದರೆ ಕೆಟ್ಟಿತು. ಅವರಿಗೆ ಕೈಕೆಲಸ ಬೇಕು, ಕುಣಿತವಲ್ಲ.

ನಾಲ್ಕನೆಯದು ಪುಸ್ತಕ. ಬೆನಿಕೋ ಮೇಸನ್ ಎಂಬಾಕೆ ಜಪಾನಿನಲ್ಲಿ ನಡೆಸಿದ ಪ್ರಯೋಗವೊಂದರ ವಿವರ 1997ರಲ್ಲಿ ಹೊರಬಂದಿತು. ಆಕೆಯ ತರಗತಿಯಲ್ಲಿದ್ದವರು ಇಂಗ್ಲಿಷಿನಲ್ಲಿ ಒಮ್ಮೆ ಅನುತ್ತೀರ್ಣರಾಗಿ ಮತ್ತೆ ಕಡ್ಡಾಯವಾಗಿ ಕುಳಿತ ವಿದ್ಯಾರ್ಥಿಗಳು. ಅಂದರೆ ಔದಾಸೀನ್ಯದಲ್ಲಿ ಪಳಗಿದವರು. ಆಕೆ ಅವರಿಗೆ ವ್ಯಾಕರಣ ಹೇಳಲಿಲ್ಲ. ಸುಲಭವಾದ ಕಥೆಪುಸ್ತಕಗಳನ್ನು ಮುಂದಿಟ್ಟು, ಇಷ್ಟವಾದದ್ದನ್ನು ಓದಿ ನಾಲ್ಕು ಮಾತು ಬರೆಯಿರಿ ಎಂದಳು. ಅವಧಿ ಮುಗಿಯುವ ಹೊತ್ತಿಗೆ ಅವರು ಉತ್ತೀರ್ಣರಾದವರ ಸಮೀಪಕ್ಕೆ ಬಂದಿದ್ದರು. ಅದಕ್ಕಿಂತ ಹೆಚ್ಚಾಗಿ, ಓದಿನ ಮೇಲಿನ ಅವರ ಮುನಿಸು ಕರಗಿತ್ತು. ತನಗೆ ಎಟಕುವ ಪುಸ್ತಕವನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಸಣ್ಣದಲ್ಲ.

ಈಗ ಆ ಕಲ್ಪನೆಯ ತರಗತಿಗೆ ಮರಳೋಣ. ಉಪಾಧ್ಯಾಯಿನಿ ಅನುಭವಿ, ಸಹಾಯಕನ ಬಾಡಿದ ಮುಖವನ್ನು ಕಂಡಿದ್ದಾಳೆ. ಮುಂದಿನ ವಾರ ಆಕೆ ಪುಸ್ತಕ ತೆರೆಯುವುದಿಲ್ಲ. ಸಹಾಯಕನ ಕೈಗೆ ಒಂದು ಚೌಕದ ಬಣ್ಣದ ಕಾಗದವನ್ನು ಕೊಡುತ್ತಾಳೆ. ಕಾಗದ ಮಡಿಸಿ ಕೊಕ್ಕರೆ ಮಾಡುವುದು ಆ ನಾಡಿನ ಮಕ್ಕಳಿಗೆ ಎಳವೆಯಿಂದ ಬಂದ ವಿದ್ಯೆ. ಪರದೇಶದ ಆ ತರುಣನಿಗೆ ನಿಜವಾಗಿಯೂ ಬಾರದು. ‘ಇವರಿಗೆ ಕೊಕ್ಕರೆ ಮಾಡಲು ಕಲಿಸಿರಿ, ಆದರೆ ಇವರಿಗೆ ಜಪಾನಿ ತಿಳಿಯದು’ ಎನ್ನುತ್ತಾಳೆ. ಕರಿಹಲಗೆಯ ಮೇಲೆ ಹತ್ತು ಪದಗಳನ್ನು ಬರೆದು ತಾನು ಹಿಂದೆ ಸರಿಯುತ್ತಾಳೆ.

ಮೊದಲು ಎಂದಿನ ಮೌನ. ತರುಣ ಈ ಸಲ ಕಾಯುತ್ತಾನೆ. ಕಾಗದವನ್ನು ಹೇಗೋ ಮಡಿಸುತ್ತಾನೆ. ಕೊಕ್ಕರೆಯಾಗಬೇಕಾದದ್ದು ಮುರಿದ ದೋಣಿಯಂತಾಗುತ್ತದೆ. ಎಲ್ಲೋ ಒಂದು ಕಿಸಕ್ಕೆಂಬ ನಗೆ. ಈ ಬಾರಿ ನಗೆಗೀಡಾದವನು ವಿದ್ಯಾರ್ಥಿಯಲ್ಲ, ಉಪಾಧ್ಯಾಯ. ಅವನಿಗೆ ಅದರಿಂದ ನೋವೂ ಇಲ್ಲ. ಕಿಟಕಿಯ ಬಳಿ ಪೆನ್ಸಿಲು ತಿರುಗುವುದು ನಿಲ್ಲುತ್ತದೆ. ಅಂಥ ಮಡಿಕೆಯನ್ನು ನೋಡಿಕೊಂಡಿರುವುದು ಕೈ ಚುರುಕಾದವನಿಗೆ ಸಹಿಸಲಾಗದ ಸಂಕಟ.

“ನೋ,” ಎನ್ನುತ್ತಾನೆ ಆ ಹುಡುಗ. ಸ್ವಲ್ಪ ತಡೆದು, “ಬ್ಯಾಕ್. ಒನ್ ಮೋರ್.”

ಮೂರು ನಾಲ್ಕು ಪದಗಳು. ವ್ಯಾಕರಣವಿಲ್ಲ, ವಾಕ್ಯವಿಲ್ಲ. ಆದರೆ ಅವು ಪಾಠದ ಪುಸ್ತಕದಿಂದ ಬಂದವಲ್ಲ, ಹೇಳಲೇಬೇಕೆನಿಸಿ ಹೇಳಿದವು. ತರುಣ ಕಾಗದವನ್ನು ಬಿಚ್ಚಿ ಹಿಂದಕ್ಕೆ ಮಡಿಸುತ್ತಾನೆ. ಹುಡುಗನ ಮಾತಿನಿಂದ ಪ್ರಪಂಚದಲ್ಲಿ ಒಂದು ಮಡಿಕೆಯಷ್ಟು ಬದಲಾವಣೆಯಾಯಿತು. ಪರಭಾಷೆಯೊಂದು ತನ್ನ ಕೈಯಲ್ಲಿ ಕೆಲಸ ಮಾಡಿತೆಂಬುದನ್ನು ಅವನು ಬಾಳಿನಲ್ಲಿ ಮೊದಲ ಸಲ ಕಣ್ಣಾರೆ ಕಂಡ. ಮುಂದಿನ ಸಾಲಿನ ಬಾಲಕಿ ಮೆಲ್ಲಗೆ, “ಹಿಯರ್, ಅಪ್,” ಎಂದು ಸೇರಿಸುತ್ತಾಳೆ.

ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ಹೇಳುವುದು ಅಪ್ರಾಮಾಣಿಕವಾದೀತು. ಪರೀಕ್ಷೆ ಅಲ್ಲಿಯೇ ಇದೆ. ಉಪಾಧ್ಯಾಯಿನಿ ಪಾಠಗಳನ್ನು ಮುಗಿಸಲೇಬೇಕು. ಮೂವತ್ತೈದು ಮಂದಿಯಲ್ಲಿ ನಾಲ್ಕಾರು ಮಂದಿ ಅಂದೂ ಬಾಯಿ ಬಿಟ್ಟಿಲ್ಲ. ಬೆಂಗಳೂರು ಯೋಜನೆಯನ್ನು ಆಲನ್ ಬೆರೆಟ್ಟ ಮತ್ತು ಆಲನ್ ಡೇವಿಸ್ ಎಂಬ ಪರಿಶೀಲಕರು ಅಳೆದು ನೋಡಿ 1985ರಲ್ಲಿ ಕೊಟ್ಟ ತೀರ್ಪೂ ಹಾಗೆಯೇ: ಯೋಜನೆಯ ಪರವಾದದ್ದು, ಆದರೆ ಎಚ್ಚರದ ಮಾತುಗಳಲ್ಲಿ. ತರಗತಿಯಲ್ಲಿ ಪವಾಡಗಳು ನಡೆಯುವುದಿಲ್ಲ. ಒಂದು ಬಾಗಿಲು ಬೆರಳಷ್ಟು ತೆರೆಯುತ್ತದೆ. ಅದು ಮತ್ತೆ ಮುಚ್ಚಿಕೊಳ್ಳದಂತೆ ನಾಳೆಯೂ ಕಾಲಿಟ್ಟು ನಿಲ್ಲಬೇಕಾಗುತ್ತದೆ.

ಆದರೂ ಆ ಬೆರಳಷ್ಟು ಎಡೆಯ ಬೆಲೆ ಅಲ್ಪವಲ್ಲ. ಆ ಹುಡುಗ ಮುಂದೆ ಇಂಗ್ಲಿಷನ್ನು ಮರೆತರೂ ಮರೆಯಬಹುದು. ಅವನ ನಾಡಿನಲ್ಲಿ ಅದಿಲ್ಲದೆಯೂ ಬಾಳಬಹುದು. ಭಯವಿರುವುದು ಬೇರೆ ಕಡೆ. ಹದಿನೈದು ತುಂಬಿ ಶಾಲೆಯ ಬಾಗಿಲು ದಾಟುವಾಗ ಅವನು ತನ್ನ ವಿಷಯದಲ್ಲಿ ಒಂದು ತೀರ್ಪನ್ನು ಜೊತೆಗೆ ಒಯ್ಯುತ್ತಾನೆ. ‘ಇದು ನನ್ನಿಂದಾಗದು’ ಎಂಬ ತೀರ್ಪು ಒಂದು ಭಾಷೆಗೆ ಮಾತ್ರ ನಿಲ್ಲುವುದಿಲ್ಲ. ಗಣಿತಕ್ಕೆ ಹಬ್ಬುತ್ತದೆ, ಕೆಲಸಕ್ಕೆ ಹಬ್ಬುತ್ತದೆ, ಅಪರಿಚಿತರ ಎದುರಿನಲ್ಲೆಲ್ಲ ತಲೆ ತಗ್ಗಿಸುವ ಅಭ್ಯಾಸವಾಗಿ ಉಳಿಯುತ್ತದೆ. ಆ ತೀರ್ಪನ್ನು ಬರೆದುಕೊಟ್ಟವರು, ಕೇಡು ಬಯಸದೆಯೇ, ಅವನಿಗೆ ಪಾಠ ಹೇಳಿದವರು.

ಇದು ಶಾಲೆಯ ಗೋಡೆಯೊಳಗಿನ ಮಾತು ಮಾತ್ರವೂ ಅಲ್ಲ. ಮನೆಗೆ ಅತಿಥಿಗಳು ಬಂದಾಗ ಮಗನನ್ನೋ ಮಗಳನ್ನೋ ನಡುಮನೆಯಲ್ಲಿ ನಿಲ್ಲಿಸಿ, ‘ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳು’ ಎಂದು ಆಜ್ಞೆ ಮಾಡುವ ತಂದೆತಾಯಿಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಮಗು ಕಾಲ್ಬೆರಳಿನಿಂದ ನೆಲ ಕೆರೆಯುತ್ತದೆ. ಅತಿಥಿಗಳು ನಗುತ್ತಾರೆ. ‘ಇವನಿಗೆ ಯಾವುದರಲ್ಲಿಯೂ ಆಸಕ್ತಿಯಿಲ್ಲ’ ಎಂದು ತಂದೆ ಕ್ಷಮೆ ಕೇಳಿಕೊಳ್ಳುತ್ತಾನೆ. ಆ ಕ್ಷಣದಲ್ಲಿ ಮಗುವಿನ ಮಾತು ಅಲ್ಲಿದ್ದವರಲ್ಲಿ ಯಾರಿಗೆ ಬೇಕಾಗಿತ್ತು? ಯಾರಿಗೂ ಇಲ್ಲ. ಪಾಪ, ಅದು ಮಗುವಿಗೂ ತಿಳಿದಿತ್ತು.

ಆ ಸಂಜೆ ತರುಣ ಸಹಾಯಕನು ಮನೆಗೆ ಹೊರಟಾಗ ಅವನ ಜೇಬಿನಲ್ಲಿ ಒಂದು ಕಾಗದದ ಕೊಕ್ಕರೆಯಿತ್ತು. ಒಂದು ರೆಕ್ಕೆ ಉದ್ದ, ಇನ್ನೊಂದು ಗಿಡ್ಡ. ಬಯಲಿನಲ್ಲಿ ಬೇಸ್‌ಬಾಲ್ ನಡೆಯುತ್ತಿತ್ತು. ಅವನು ಜೇಬಿನಿಂದ ಕೊಕ್ಕರೆಯನ್ನು ತೆಗೆದು ಎತ್ತಿ ತೋರಿಸಿದ. ದೂರದಿಂದ ಆ ಕಂಚಿನ ಕಂಠ ಕೇಳಿಬಂದಿತು:

“ಒನ್ ಮೋರ್!”